ಬೀಗ ಹಾಕಿದ ಮನೆ ಯಾರದು?

(ಚೋರನೂರಿನಲ್ಲಿ ಹೊಸದಾಗಿ ಓದು ಕಲಿತ ಹೆಣ್ಣುಮಕ್ಕಳ ಮುಂದೆ ಆಡಿದ ಮಾತು)

ಅವ್ವಂದಿರೇ, ಅಕ್ಕ ತಂಗಿಯರೇ,



ಹೊಲದ ಕೆಲಸ ಮುಗಿಸಿ, ರೊಟ್ಟಿ ಬಡಿದು, ಮಕ್ಕಳಿಗೆ ಉಣ್ಣಾಕೆ ಇಟ್ಟು ಇಲ್ಲಿಗೆ ಬಂದಿದ್ದೀರಿ. ನಿಮ್ಮ ಹೊತ್ತಿಗೆ ಬೆಲೆ ಇದೆ ಅನ್ನೋದು ನಮಗೆ ಗೊತ್ತು. ಅದಕ್ಕೇ ಇವತ್ತು ಒಂದೇ ಒಂದು ವಿಷಯ ಮಾತಾಡುತ್ತೇವೆ.

ನಾವು ಶಾಲೆಯಲ್ಲಿ ಕಲಿಸುವವರು. ಹಗಲು ಮಕ್ಕಳ ಜೊತೆ ಇರುತ್ತೇವೆ. ಸಂಜೆ ನಿಮ್ಮಂಥ ಹೆಣ್ಣುಮಕ್ಕಳ ಜೊತೆ ಕೂತು ಅಕ್ಷರ ಕೂಡಿಸುತ್ತೇವೆ. ಸಂಡೂರು ತಾಲ್ಲೂಕಿನ ನಾಲ್ಕಾರು ಹಳ್ಳಿ ತಿರುಗಿದ್ದೇವೆ. ನಿಮಗೆ ಕಲಿಸಿದ್ದಕ್ಕಿಂತ ನಿಮ್ಮಿಂದ ಕಲಿತದ್ದೇ ಹೆಚ್ಚು. ಇವತ್ತಿನ ಮಾತು ಕೂಡ ಒಬ್ಬ ಅಕ್ಕ ನಮಗೆ ಕಲಿಸಿದ ಪಾಠ.

ಅಕ್ಕ ಕೇಳಿದ ಪ್ರಶ್ನೆ

ಅದೊಂದು ಹಳ್ಳಿ. ಹೆಸರು ಬೇಡ. ಅಂಥ ಹಳ್ಳಿ ಎಲ್ಲ ಕಡೆ ಇರುತ್ತವೆ. ಅಲ್ಲಿ ನಮ್ಮ ಸಂಜೆ ಪಾಠ ಬೇವಿನ ಮರದ ಕೆಳಗೆ ನಡೆಯುತ್ತಿತ್ತು. ಮಳೆ ಬಂದರೆ ಪಾಠ ಇಲ್ಲ. ಬೀದಿ ದೀಪ ಕೆಟ್ಟರೆ ಪಾಠ ಇಲ್ಲ. ಒಂದು ಮಳೆಗಾಲದಲ್ಲಿ ಹದಿನೈದು ದಿನ ಪಾಠ ನಿಂತಿತು. ಇಪ್ಪತ್ತು ಮಂದಿ ಬರುತ್ತಿದ್ದವರು ಹನ್ನೊಂದಕ್ಕೆ ಇಳಿದರು.

ಆ ಹನ್ನೊಂದು ಮಂದಿಯಲ್ಲಿ ಒಬ್ಬ ಅಕ್ಕ ಇದ್ದರು. ವಯಸ್ಸು ಐವತ್ತರ ಹತ್ತಿರ. ಅಕ್ಷರ ಕೂಡಿಸಿ ಓದೋದು ಆಗ ತಾನೆ ಬಂದಿತ್ತು. ಕಣ್ಣಿಗೆ ಕಂಡದ್ದೆಲ್ಲ ಓದುತ್ತಿದ್ದರು. ಬಸ್ಸಿನ ಬೋರ್ಡು ಓದಿದರು. ಗೊಬ್ಬರದ ಚೀಲ ಓದಿದರು. ಮಗನ ಔಷಧಿ ಡಬ್ಬಿ ಓದಿದರು. ಒಂದು ದಿನ ಮರದ ಎದುರಿಗೆ ಇದ್ದ ಕಟ್ಟಡದ ಗೋಡೆ ಓದಿದರು.

"ಸ-ಮು-ದಾ-ಯ ಭ-ವ-ನ."

ಆಮೇಲೆ ನಮ್ಮ ಕಡೆ ತಿರುಗಿ ಕೇಳಿದರು.

"ಟೀಚರಮ್ಮ, ಸಮುದಾಯ ಅಂದ್ರೆ ಯಾರು?"

"ಸಮುದಾಯ ಅಂದ್ರೆ ನಾವೆಲ್ಲ. ಊರಿನ ಜನ."

"ಭವನ ಅಂದ್ರೆ?"

"ದೊಡ್ಡ ಮನೆ."

"ಹಂಗಾದ್ರೆ ಅದು ನಮ್ಮ ಮನೆ. ನಮ್ಮ ಮನೆಗೆ ಬೀಗ ಹಾಕಿ ನಾವ್ಯಾಕೆ ಮರದ ಕೆಳಗೆ ಕುಂತೀವಿ?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ದಿನಾ ಆ ಬೋರ್ಡು ನಾವೂ ನೋಡುತ್ತಿದ್ದೆವು. ಓದು ಬಲ್ಲವರು ನಾವು. ಆದರೆ ಅದನ್ನು ನಿಜವಾಗಿ ಓದಿದ್ದು ಆ ಅಕ್ಕ.

ಊರಿನ ಕಟ್ಟಡ ಎಣಿಸೋಣ

ಊರಿನಲ್ಲಿ ಎರಡು ಬಗೆಯ ಕಟ್ಟಡ ಇರುತ್ತವೆ. ಒಂದು, ಒಬ್ಬೊಬ್ಬರ ಸ್ವಂತ ಮನೆ, ಅಂಗಡಿ. ಇನ್ನೊಂದು, ಎಲ್ಲರಿಗೂ ಸೇರಿದ್ದು. ಇದನ್ನು ಸಾರ್ವಜನಿಕ ಕಟ್ಟಡ ಎನ್ನುತ್ತಾರೆ.

ಬೆರಳು ಮಡಚಿ ಎಣಿಸಿ. ಶಾಲೆ. ಅಂಗನವಾಡಿ. ಪಂಚಾಯಿತಿ ಕಚೇರಿ. ಗ್ರಂಥಾಲಯ. ಆರೋಗ್ಯ ಕೇಂದ್ರ. ದನದ ಆಸ್ಪತ್ರೆ. ಸಮುದಾಯ ಭವನ. ಬಸ್ಸು ನಿಲ್ಲುವ ಕಡೆ ಇರುವ ತಂಗುದಾಣ. ಎಲ್ಲ ಊರಲ್ಲೂ ಇವೆಲ್ಲ ಇರೋದಿಲ್ಲ. ಚೋರನೂರು ಹೋಬಳಿ ಊರು. ಕಾಗದ ಪತ್ರದ ಕೆಲಸಕ್ಕೆ ಸುತ್ತಲಿನ ಹಳ್ಳಿಯವರು ಇಲ್ಲಿಗೇ ಬರುತ್ತಾರೆ. ಚಿಕ್ಕ ಹಳ್ಳಿಗಿಂತ ಇಲ್ಲಿ ಎಣಿಕೆ ಹೆಚ್ಚಾದೀತು.

ಈಗ ಒಂದು ಲೆಕ್ಕ ಮಾಡೋಣ. ನೀವು ಕೂಡೋದು, ಕಳೆಯೋದು ಕಲಿತಿದ್ದೀರಲ್ಲ?

ಒಂದು ಊರಲ್ಲಿ ಸಮುದಾಯ ಭವನ ಇದೆ ಅಂದುಕೊಳ್ಳಿ. ಅಲ್ಲಿ ವರ್ಷಕ್ಕೆ 20 ಮದುವೆ ಆಗುತ್ತವೆ. ಒಂದು ಮದುವೆಗೆ 2 ದಿನ. ಒಟ್ಟು 40 ದಿನ. ವರ್ಷಕ್ಕೆ 365 ದಿನ. 365ರಲ್ಲಿ 40 ಕಳೆದರೆ ಎಷ್ಟು?

325. ಅಂದರೆ 325 ದಿನ ಆ ಕಟ್ಟಡಕ್ಕೆ ಬೀಗ.

ಇನ್ನೊಂದು ಲೆಕ್ಕ. ಸಂಜೆ 5 ಗಂಟೆ ಆಗುವ ಹೊತ್ತಿಗೆ ಶಾಲೆ ಮಕ್ಕಳು ಮನೆಗೆ ಹೋಗಿರುತ್ತಾರೆ. 5ರಿಂದ 8ರವರೆಗೆ 3 ಗಂಟೆ. ವಾರಕ್ಕೆ 6 ದಿನ ಹಿಡಿದರೆ 18 ಗಂಟೆ. ಅಷ್ಟು ಹೊತ್ತು ಶಾಲೆ ಕೋಣೆ ಖಾಲಿ ಇರುತ್ತದೆ. ನೆಲ ಇದೆ. ಗೋಡೆಗೆ ಕಪ್ಪು ಹಲಗೆ ಇದೆ. ತಲೆ ಮೇಲೆ ಸೂರು ಇದೆ. ಕೂರುವವರು ಮಾತ್ರ ಹೊರಗೆ ಮರದ ಕೆಳಗೆ!

ಮನೆಯಲ್ಲಿ ಒಂದು ಪಾತ್ರೆ ವರ್ಷವೆಲ್ಲ ಬಳಸದೆ ಅಟ್ಟದ ಮೇಲೆ ಇಟ್ಟರೆ ಏನಾಗುತ್ತದೆ? ತುಕ್ಕು ಹಿಡಿಯುತ್ತದೆ. ಕಟ್ಟಡವೂ ಹಾಗೇ. ಜನ ಓಡಾಡದ ಮನೆಗೆ ಬಾವಲಿ ಬರುತ್ತದೆ. ಗೆದ್ದಲು ಬರುತ್ತದೆ. ಸೋರುವ ಜಾಗ ಯಾರ ಕಣ್ಣಿಗೂ ಬೀಳೋದಿಲ್ಲ. ಹತ್ತು ವರ್ಷಕ್ಕೆ ಮಾಳಿಗೆ ಬಿರುಕು ಬಿಡುತ್ತದೆ. ಆಮೇಲೆ "ಹೊಸ ಕಟ್ಟಡ ಬೇಕು" ಅಂತ ಅರ್ಜಿ ಹೋಗುತ್ತದೆ.

ಹಣ ಯಾರದು?

"ಸರ್ಕಾರ ಕಟ್ಟಿಸಿದ್ದು, ನಮ್ಮದು ಹೆಂಗೆ ಆಗ್ತದೆ?" ಅಂತ ಕೆಲವರು ಕೇಳುತ್ತಾರೆ. ಸರಿಯಾದ ಪ್ರಶ್ನೆ.

ಸರ್ಕಾರಕ್ಕೆ ಹಣ ಎಲ್ಲಿಂದ ಬರುತ್ತದೆ? ನಮ್ಮ ಕೈಯಿಂದಲೇ ಬರುತ್ತದೆ. ನೀವು ಮನೆ ಕಂದಾಯ ಕಟ್ಟುತ್ತೀರಿ. ಸಾಬೂನು ಕೊಂಡರೆ ಅದರ ಬೆಲೆಯಲ್ಲಿ ತೆರಿಗೆ ಸೇರಿರುತ್ತದೆ. ಕೂಲಿ ಮಾಡುವ ಅವ್ವನೂ ತೆರಿಗೆ ಕಟ್ಟುತ್ತಾಳೆ. ಅವಳಿಗೆ ಅದು ಗೊತ್ತಿರೋದಿಲ್ಲ, ಅಷ್ಟೆ.

ನಮ್ಮ ಸಂಡೂರು ಸೀಮೆಗೆ ಇನ್ನೊಂದು ಹಣವೂ ಇದೆ. ನಮ್ಮ ಗುಡ್ಡಗಳಲ್ಲಿ ಕಬ್ಬಿಣದ ಅದಿರು ಇದೆ. ಅದಿರು ಅಗೆದು ಲಾರಿ ತುಂಬಿ ಒಯ್ದರು. ನಮಗೆ ಧೂಳು ಉಳಿಯಿತು. 2015ರಲ್ಲಿ ದೇಶದ ಗಣಿ ಕಾನೂನಿಗೆ ತಿದ್ದುಪಡಿ ಆಯಿತು. ಗಣಿ ಇರುವ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನ ಆಗಬೇಕು ಎಂದು ಬಂತು. ಗಣಿ ನಡೆಸುವವರು ಇದಕ್ಕೆ ಹಣ ಕಟ್ಟಬೇಕು. ಗಣಿಯಿಂದ ತೊಂದರೆಗೆ ಒಳಗಾದ ಊರಿಗೆ ಆ ಹಣ ಖರ್ಚಾಗಬೇಕು. ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಹೆಣ್ಣುಮಕ್ಕಳ ಮತ್ತು ಮಕ್ಕಳ ಏಳಿಗೆ, ಇವು ಅದರ ಮುಖ್ಯ ಬಾಬತ್ತುಗಳು.

ಆದ್ದರಿಂದ ಕಟ್ಟಡ ಯಾರೋ ಕೊಟ್ಟ ದಾನ ಅಲ್ಲ. ನಮ್ಮ ದುಡಿಮೆ ಮತ್ತು ನಮ್ಮ ಗುಡ್ಡ ಎರಡೂ ಅದರಲ್ಲಿ ಸೇರಿವೆ. ಕಟ್ಟಲು ಹಣ ಬಂದೀತು. ಕಟ್ಟಿದ್ದನ್ನು ತೆರೆದಿಡಲು ಊರಿಗೆ ಮನಸ್ಸು ಬರಬೇಕು.

ಗುಡಿ ಕಟ್ಟೆ ಸಾಲದೇ?

"ಕೂತು ಓದಲು ಗುಡಿ ಕಟ್ಟೆ ಇದೆಯಲ್ಲ, ಸಾಲದೇ?" ಎಂದು ಒಬ್ಬ ಹಿರಿಯರು ನಮ್ಮನ್ನು ಕೇಳಿದ್ದರು.

ನಾವು ಗುಡಿ ಕಟ್ಟೆಯ ಮೇಲೂ ಪಾಠ ಮಾಡಿದ್ದೇವೆ. ಅಲ್ಲಿ ಒಂದು ವಿಷಯ ಕಂಡೆವು. ಕೇರಿಯಿಂದ ಬಂದ ಇಬ್ಬರು ಹೆಣ್ಣುಮಕ್ಕಳು ಕಟ್ಟೆ ಹತ್ತಲಿಲ್ಲ. ಕೆಳಗೆ ನಿಂತೇ ಓದಿದರು. "ಮೇಲೆ ಬನ್ನಿರಮ್ಮ" ಅಂದೆವು. "ಇರ್ಲಿ ಬಿಡ್ರಿ, ಇಲ್ಲೇ ಚೆನ್ನಾಗೈತೆ" ಅಂದರು. ನಾಲ್ಕನೇ ದಿನ ಬರಲಿಲ್ಲ. ಆಮೇಲೆ ಪಾಠ ಶಾಲೆ ಜಗಲಿಗೆ ಬಂತು. ಅವರಿಬ್ಬರೂ ಮತ್ತೆ ಬಂದರು. ಮುಂದಿನ ಸಾಲಿನಲ್ಲೇ ಕೂತರು.

ನಮ್ಮ ಸಂವಿಧಾನ 1950ರ ಜನವರಿ 26ರಂದು ಜಾರಿಗೆ ಬಂತು. ಅದರ 15ನೇ ವಿಧಿ ಒಂದು ಮಾತು ಹೇಳುತ್ತದೆ. ಬಾವಿ, ಕೆರೆ, ರಸ್ತೆ, ಸರ್ಕಾರದ ಹಣದಿಂದ ನಡೆಯುವ ಸಾರ್ವಜನಿಕ ಜಾಗ, ಇವು ಎಲ್ಲರಿಗೂ ಸೇರಿದ್ದು. ಜಾತಿ ನೋಡಿ, ಧರ್ಮ ನೋಡಿ, ಹೆಣ್ಣು ಅಂತ ನೋಡಿ ಯಾರನ್ನೂ ಹೊರಗೆ ಇಡಬಾರದು. 17ನೇ ವಿಧಿ ಅಸ್ಪೃಶ್ಯತೆಯನ್ನೇ ತೆಗೆದುಹಾಕಿತು.

ಅದಕ್ಕೇ ಊರಿನ ಕಟ್ಟಡ ದೊಡ್ಡದು. ಗಾತ್ರದಲ್ಲಿ ದೊಡ್ಡದು ಅಂತ ಅಲ್ಲ. ಯಾರ ಅಪ್ಪಣೆಯೂ ಇಲ್ಲದೆ ಎಲ್ಲರೂ ಒಂದೇ ಚಾಪೆ ಮೇಲೆ ಕೂರುವ ಜಾಗ ಊರಲ್ಲಿ ಅದೊಂದೇ ಆಗಿರಬಹುದು. ಅದಕ್ಕೂ ಬೀಗ ಬಿದ್ದರೆ ಬಡವರ ಮನೆಯ ಹೆಣ್ಣುಮಗಳು ಎಲ್ಲಿ ಕೂರಬೇಕು?

ಬೇಕು ಅಂದಾಗ ಬಾಗಿಲು ತೆರೆದಿತ್ತು

2020ನೇ ಇಸವಿ ನೆನಪಿದೆಯಾ? ಕೊರೊನಾ ಬಂತು. ಶಾಲೆ ಮುಚ್ಚಿತು. ಮಕ್ಕಳು ಬೀದಿಯಲ್ಲಿ ಆಡಿಕೊಂಡಿದ್ದರು. ಎಷ್ಟೋ ಮನೆಯಲ್ಲಿ ದೊಡ್ಡ ಫೋನು ಇರಲಿಲ್ಲ.

ಆ ವರ್ಷ ಆಗಸ್ಟ್ ತಿಂಗಳಲ್ಲಿ ಶಿಕ್ಷಣ ಇಲಾಖೆ 'ವಿದ್ಯಾಗಮ' ಶುರು ಮಾಡಿತು. ಶಿಕ್ಷಕರೇ ಮಕ್ಕಳಿರುವ ಕೇರಿಗೆ ಹೋಗಿ ಪಾಠ ಮಾಡಬೇಕು. ವಠಾರ ಶಾಲೆ ಅಂತ ಅದರ ಹೆಸರು. ನಮ್ಮಂಥ ಶಿಕ್ಷಕರು ಊರೂರಲ್ಲಿ ಜಾಗ ಹುಡುಕಿದೆವು. ಸಮುದಾಯ ಭವನ, ಗುಡಿ ಅಂಗಳ, ಮನೆ ಜಗಲಿ, ಮರದ ನೆರಳು, ಎಲ್ಲ ಕಡೆ ಪಾಠ ನಡೆಯಿತು. ವರ್ಷಗಟ್ಟಲೆ ಮುಚ್ಚಿದ್ದ ಬಾಗಿಲನ್ನೂ ಜನ ತೆರೆದುಕೊಟ್ಟರು. ಕಸ ಗುಡಿಸಿಕೊಟ್ಟರು. ಸೋಂಕಿನ ಭಯದಿಂದ ಅಕ್ಟೋಬರ್ ತಿಂಗಳಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಅದೂ ಸರಿಯಾದದ್ದೇ. ಜೀವ ಮೊದಲು.

ಆದರೆ ನಾವು ಒಂದು ಪಾಠ ಕಲಿತೆವು. ಊರಿಗೆ ಬೇಕು ಅನ್ನಿಸಿದರೆ ಜಾಗ ಸಿಗುತ್ತದೆ. ಮಕ್ಕಳಿಗೆ ಬೇಕು ಅನ್ನಿಸಿತು, ಬಾಗಿಲು ತೆರೆಯಿತು. ಅವ್ವಂದಿರ ಓದಿಗೂ ಬೇಕು ಅಂತ ಊರಿಗೆ ಅನ್ನಿಸಬೇಕು.

ಬೇರೆ ಕಡೆ ಏನು ಮಾಡಿದ್ದಾರೆ?

ಹಳೆಯ ಕಟ್ಟಡಕ್ಕೆ ಹೊಸ ಕೆಲಸ ಕೊಡೋದು ಹೊಸ ಮಾತಲ್ಲ.

ಹಂಪಿಗೆ ಹೋದವರು ಆನೆ ಲಾಯ ನೋಡಿರುತ್ತೀರಿ. ವಿಜಯನಗರದ ಅರಸರು ಹೋದರು. ಆನೆಗಳೂ ಹೋದವು. ಕಟ್ಟಡ ಉಳಿಯಿತು. ಬ್ರಿಟಿಷರ ಕಾಲದಲ್ಲಿ ಹಂಪಿಯ ಹಾಳು ಗುಡಿಗಳ ಮೂರ್ತಿ, ಕಂಬ, ಕೆತ್ತನೆ ಕಲ್ಲುಗಳನ್ನು ಆನೆ ಲಾಯದಲ್ಲಿ ತಂದು ಜೋಪಾನವಾಗಿ ಇಟ್ಟರು. 1972ರಲ್ಲಿ ಅವುಗಳಲ್ಲಿ ಬಹಳಷ್ಟನ್ನು ಕಮಲಾಪುರದ ವಸ್ತುಸಂಗ್ರಹಾಲಯಕ್ಕೆ ತಂದರು. ಆನೆ ಕಟ್ಟುವ ಜಾಗ ಅಷ್ಟು ವರ್ಷ ಕಲ್ಲಿನ ಕಲೆಯನ್ನು ಕಾಪಾಡಿತು.

ಬೆಂಗಳೂರಿನಲ್ಲಿ ಹಳೆಯ ಸೆಂಟ್ರಲ್ ಜೈಲು ಇತ್ತು. 1975ರ ತುರ್ತು ಪರಿಸ್ಥಿತಿಯಲ್ಲಿ ದೊಡ್ಡ ದೊಡ್ಡ ನಾಯಕರನ್ನು ಅಲ್ಲಿ ಕೂಡಿಹಾಕಿದ್ದರು. ಆಮೇಲೆ ಜೈಲು ಬೇರೆ ಕಡೆಗೆ ಹೋಯಿತು. ಹಳೆಯ ಜಾಗವನ್ನು ಮಾರಲಿಲ್ಲ. 2008ರಲ್ಲಿ ಅದು ಫ್ರೀಡಂ ಪಾರ್ಕ್ ಆಯಿತು. ಜನರನ್ನು ಕೂಡಿಹಾಕಿದ್ದ ಜಾಗದಲ್ಲಿ ಈಗ ಜನ ಕೂಡಿ ತಮ್ಮ ಬೇಡಿಕೆ ಹೇಳುತ್ತಾರೆ. ನಮ್ಮ ಅಂಗನವಾಡಿ ಅಕ್ಕಂದಿರು, ಆಶಾ ಅಕ್ಕಂದಿರು ಕೂಡ ಅಲ್ಲಿ ಹೋಗಿ ಕೂತಿದ್ದಾರೆ.

ಇವು ದೊಡ್ಡ ಊರಿನ ಮಾತಾಯಿತು. ಹಳ್ಳಿ ಮಾತಿಗೆ ಬರೋಣ.

ನಮ್ಮ ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2019ರಲ್ಲಿ ಇವುಗಳನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಒಪ್ಪಿಸಿದರು. ಮೊದಲು ಎಷ್ಟೋ ಕಡೆ ಗ್ರಂಥಾಲಯ ಅಂದರೆ ಒಂದು ಇಕ್ಕಟ್ಟು ಕೋಣೆ, ಎರಡು ಪತ್ರಿಕೆ. 2020ರ ಮಕ್ಕಳ ದಿನದಂದು 'ಓದುವ ಬೆಳಕು' ಎಂಬ ಕೆಲಸ ಶುರುವಾಯಿತು. ಮಕ್ಕಳಿಗೆ ದುಡ್ಡಿಲ್ಲದೆ ಸದಸ್ಯತ್ವ ಕೊಟ್ಟರು. ಲಕ್ಷಾಂತರ ಮಕ್ಕಳು ಹೆಸರು ಬರೆಸಿದರು. ಈಗ ಅವುಗಳನ್ನು 'ಅರಿವು ಕೇಂದ್ರ' ಎಂದು ಕರೆಯುತ್ತಾರೆ. ಕೆಲವು ಕಡೆ ಗೋಡೆಗೆ ಚಿತ್ರ ಬರೆಸಿದರು. ಕಂಪ್ಯೂಟರ್ ತಂದರು. ಅದೇ ಊರು, ಅದೇ ಗ್ರಂಥಾಲಯ. ಬಾಗಿಲು ಯಾರಿಗೆ ತೆರೆದಿದೆ ಅನ್ನೋದು ಬದಲಾಯಿತು.

ಗ್ರಂಥಾಲಯ ಮಕ್ಕಳಿಗೆ, ಗಂಡಸರಿಗೆ ಮಾತ್ರ ಅಲ್ಲ. ನೀವೂ ಹೋಗಬಹುದು. ಹೋಗಿ ದೊಡ್ಡ ಅಕ್ಷರದ ಪುಸ್ತಕ ಕೇಳಿ. "ನಾವು ಹೊಸದಾಗಿ ಕಲಿತವರು, ನಮಗೆ ಓದಾಕೆ ಬರೋ ಪುಸ್ತಕ ಕೊಡ್ರಿ" ಅನ್ನಿ. ನಾಚಿಕೆ ಬೇಡ.

ಇನ್ನೊಂದು ಉದಾಹರಣೆ 'ಕೂಸಿನ ಮನೆ'. 2023ರಲ್ಲಿ ರಾಜ್ಯ ಸರ್ಕಾರ ಇದನ್ನು ಸಾರಿತು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರು ಎಳೆ ಕೂಸನ್ನು ಬಿಡುವ ಜಾಗ. ಮೊದಲಾದರೆ ಕೂಸನ್ನು ಬಿಸಿಲಲ್ಲಿ ಬದುವಿನ ಮೇಲೆ ಮಲಗಿಸಬೇಕಿತ್ತು. ಕೂಸಿನ ಮನೆಗೆ ಎಷ್ಟೋ ಪಂಚಾಯಿತಿಗಳು ಹೊಸ ಕಟ್ಟಡ ಕಟ್ಟಲಿಲ್ಲ. ಖಾಲಿ ಬಿದ್ದಿದ್ದ ಸರ್ಕಾರಿ ಕೋಣೆಗೆ ಸುಣ್ಣ ಬಳಿಸಿ, ತೊಟ್ಟಿಲು ತಂದು ಶುರು ಮಾಡಿದವು. ಊರಿನ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ಕೂಸು ನೋಡಿಕೊಳ್ಳಲು ಇಟ್ಟರು. ಒಂದು ಖಾಲಿ ಕೋಣೆ ತೆರೆದರೆ ಎಷ್ಟು ತಾಯಂದಿರ ಮನಸ್ಸು ಹಗುರ ಆಗುತ್ತದೆ, ನೋಡಿ.

ಬೀಗ ಹಾಕಿದವರ ಮಾತನ್ನೂ ಕೇಳೋಣ

ಮತ್ತೆ ಆ ಬೇವಿನ ಮರದ ಊರಿಗೆ ಹೋಗೋಣ.

ಅಕ್ಕನ ಪ್ರಶ್ನೆ ಕೇಳಿದ ಮೇಲೆ ನಾವು ಸುಮ್ಮನಿರಲಿಲ್ಲ. ಎಂಟು ಮಂದಿ ಹೆಣ್ಣುಮಕ್ಕಳ ಜೊತೆ ಬೀಗದ ಕೈ ಹುಡುಕಿಕೊಂಡು ಹೊರಟೆವು. ಒಬ್ಬರು "ಅವರ ಹತ್ರ ಐತೆ" ಅಂದರು. ಅವರು "ಇವರ ಹತ್ರ ಐತೆ" ಅಂದರು. ಮೂರನೇ ಮನೆಯಲ್ಲಿ ಬೀಗದ ಕೈ ಸಿಕ್ಕಿತು. ಬಾಗಿಲು ತೆರೆದರೆ ಒಳಗೆ ಮೆಕ್ಕೆಜೋಳದ ಚೀಲ! ಯಾರೋ ಒಬ್ಬರು ಊರಿನ ಮನೆಯನ್ನು ತಮ್ಮ ಉಗ್ರಾಣ ಮಾಡಿಕೊಂಡಿದ್ದರು.

ನಮಗೆ ಸಿಟ್ಟು ಬಂತು. ಜಗಳಕ್ಕೆ ಹೊರಟೆವು. ಅಕ್ಕನೇ ತಡೆದರು. "ಮೊದ್ಲು ಬೀಗ ಯಾಕೆ ಹಾಕಿದ್ರು ಅಂತ ಕೇಳಾಣ" ಅಂದರು.

ಕೇಳಿದೆವು. ಅವರು ಹೇಳಿದ ಮಾತಲ್ಲೂ ನಿಜ ಇತ್ತು. "ಬೀಗ ಇಲ್ದಾಗ ರಾತ್ರಿ ಕುಡಿಯೋರು ಬಂದು ಕುಂತ್ರು. ಇಸ್ಪೀಟು ಆಡಿದ್ರು. ಬಲ್ಬು ಒಡೆದ್ರು. ನಲ್ಲಿ ಕಿತ್ತುಕೊಂಡು ಹೋದ್ರು. ಆಮೇಲೆ ಬೈಸಿಕೊಂಡೋರು ನಾವು. ಅದಕ್ಕೇ ಬೀಗ ಹಾಕಿದ್ವಿ."

ಶಾಲೆಯ ಮುಖ್ಯ ಶಿಕ್ಷಕರದೂ ಇಂಥದೇ ಕಷ್ಟ. ಸಂಜೆ ಕೋಣೆ ಕೊಟ್ಟರೆ ಬೆಳಿಗ್ಗೆ ಕಸ ಯಾರು ಗುಡಿಸಬೇಕು? ಕರೆಂಟು ಬಿಲ್ಲು ಯಾರು ಕಟ್ಟಬೇಕು? ಮಕ್ಕಳ ಪುಸ್ತಕ, ಬಿಸಿಯೂಟದ ಪಾತ್ರೆ ಕಳೆದರೆ ಯಾರನ್ನು ಕೇಳಬೇಕು? ನಾವೂ ಶಿಕ್ಷಕರೇ. ಈ ಕಷ್ಟ ನಮಗೆ ಗೊತ್ತು.

ಆಗ ನಮಗೆ ಒಂದು ವಿಷಯ ತಿಳಿಯಿತು. ಬೀಗ ತೆಗೆಯಿರಿ ಅಂದರೆ ಸಾಲದು. ತೆಗೆದ ಮೇಲೆ ಯಾರು ನೋಡಿಕೊಳ್ಳುತ್ತಾರೆ ಅಂತಲೂ ಹೇಳಬೇಕು. ಎಲ್ಲರ ಆಸ್ತಿ ಅಂದರೆ ಯಾರೂ ನೋಡಿಕೊಳ್ಳದ ಆಸ್ತಿ ಆಗಬಾರದು.

ಆ ಊರಿನ ಹೆಣ್ಣುಮಕ್ಕಳು ಮಾಡಿಕೊಂಡ ಕಟ್ಟಳೆ

ಹೆಣ್ಣುಮಕ್ಕಳು ಕೂತು ಮಾತಾಡಿದರು. ತಾವೇ ಹೇಳಿ, ತಾವೇ ಬರೆದರು. ತಪ್ಪಿದ ಅಕ್ಷರ ನಾವು ತಿದ್ದಿದೆವು.

1. ಬೀಗದ ಕೈ ಎರಡು ಇರಬೇಕು. ಒಂದು ಪಂಚಾಯಿತಿಯಲ್ಲಿ. ಒಂದು ಹೆಣ್ಣುಮಕ್ಕಳ ಸಂಘದಲ್ಲಿ.

2. ಒಂದು ನೋಟು ಪುಸ್ತಕ ಇಡಬೇಕು. ಬೀಗ ತೆಗೆದವರು ಹೆಸರು, ತಾರೀಖು, ಹೊತ್ತು ಬರೆದು ಸಹಿ ಹಾಕಬೇಕು.

3. ಕಸ ಗುಡಿಸುವುದು ವಾರಕ್ಕೆ ಒಬ್ಬರಂತೆ ಸರದಿ. ಯಾವ ಕೇರಿಯವರಿಗೂ ಅದನ್ನೇ ಕಟ್ಟುವಂತಿಲ್ಲ. ಎಲ್ಲರಿಗೂ ಸರದಿ ಬರಬೇಕು.

4. ಕುಡಿತ, ಇಸ್ಪೀಟು ಇಲ್ಲ. ಸ್ವಂತ ಸಾಮಾನು ಇಡುವಂತಿಲ್ಲ.

5. ಮದುವೆ ಇದ್ದ ದಿನ ಪಾಠಕ್ಕೆ ರಜೆ. ಮದುವೆಗೆ ಕೊಟ್ಟಾಗ ಬಂದ ಬಾಡಿಗೆಯನ್ನು ದುರಸ್ತಿಗೆ ಬಳಸಲು ಪಂಚಾಯಿತಿಯನ್ನು ಕೇಳುವುದು.

6. ಏನಾದರೂ ಒಡೆದರೆ ಅಂದೇ ಬರೆದು ತಿಳಿಸುವುದು. ಮುಚ್ಚಿಡಬಾರದು.

ಮೂರನೇ ಕಟ್ಟಳೆ ಬರೆಸಿದ್ದು ಯಾರು ಗೊತ್ತಾ? ಕಟ್ಟೆ ಕೆಳಗೆ ನಿಂತು ಓದಿದ ಇಬ್ಬರಲ್ಲಿ ಒಬ್ಬರು.

ಅರ್ಜಿ ಬರೆಯುವುದು ಹೀಗೆ

ಬಾಯಲ್ಲಿ ಕೇಳಿದ ಮಾತು ಗಾಳಿಗೆ ಹೋಗುತ್ತದೆ. ಬರೆದು ಕೇಳಿದ ಮಾತು ಕಾಗದದಲ್ಲಿ ಉಳಿಯುತ್ತದೆ. ಆ ಹೆಣ್ಣುಮಕ್ಕಳು ಬರೆದ ಅರ್ಜಿ ಹೀಗಿತ್ತು. ಓದಿ ನೋಡಿ.

*ಇವರಿಗೆ,*
*ಪಂಚಾಯತ್ ಅಭಿವೃದ್ಧಿ ಅಧಿಕಾರಿಗಳು,*
*ಗ್ರಾಮ ಪಂಚಾಯಿತಿ.*

*ಮಾನ್ಯರೇ,*

*ವಿಷಯ: ಸಮುದಾಯ ಭವನವನ್ನು ಸಂಜೆ ಪಾಠಕ್ಕೆ ಕೊಡುವ ಬಗ್ಗೆ.*

*ನಾವು ಈ ಊರಿನ ಹೆಣ್ಣುಮಕ್ಕಳು. ಸಂಜೆ ಓದು ಬರಹ ಕಲಿಯುತ್ತಿದ್ದೇವೆ. ಕೂರಲು ಜಾಗ ಇಲ್ಲ. ಮಳೆ ಬಂದರೆ ಪಾಠ ನಿಲ್ಲುತ್ತದೆ. ಸಮುದಾಯ ಭವನ ಖಾಲಿ ಇದೆ. ವಾರಕ್ಕೆ ಮೂರು ದಿನ ಸಂಜೆ 6ರಿಂದ 8ರವರೆಗೆ ನಮಗೆ ಕೊಡಬೇಕು. ಕಸ ಗುಡಿಸುತ್ತೇವೆ. ಬೀಗದ ಲೆಕ್ಕ ಇಡುತ್ತೇವೆ. ನಮ್ಮ ಕಟ್ಟಳೆಗಳನ್ನು ಇದರ ಜೊತೆ ಇಟ್ಟಿದ್ದೇವೆ.*

*ಇಂತಿ,*
*ಸಹಿ ಮಾಡಿದವರು*

ಕೆಳಗೆ ಹತ್ತೊಂಬತ್ತು ಸಹಿ ಇದ್ದವು. ಹೆಬ್ಬೆಟ್ಟು ಒಂದೂ ಇರಲಿಲ್ಲ!

ಅರ್ಜಿ ಕೊಡುವಾಗ ಎರಡು ಪ್ರತಿ ಮಾಡಿ. ಒಂದನ್ನು ಕಚೇರಿಗೆ ಕೊಡಿ. ಇನ್ನೊಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡು ನೀವು ಇಟ್ಟುಕೊಳ್ಳಿ. ಇದು ಮರೆಯಬೇಡಿ.

ಶಾಲೆ ಕೋಣೆ ಬೇಕಾದರೆ ಮುಖ್ಯ ಶಿಕ್ಷಕರನ್ನು ಮತ್ತು ಶಾಲೆಯ ಎಸ್‌ಡಿಎಂಸಿಯನ್ನು ಕೇಳಬೇಕು. ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ನಮ್ಮ ರಾಜ್ಯದಲ್ಲಿ 2001ರಿಂದ ಇದು ಇದೆ. ಮಕ್ಕಳ ತಂದೆ ತಾಯಂದಿರೇ ಇದರಲ್ಲಿ ಹೆಚ್ಚು ಇರುತ್ತಾರೆ. 2009ರ ಶಿಕ್ಷಣ ಹಕ್ಕು ಕಾನೂನಿನಂತೆ ಇಂಥ ಸಮಿತಿಯಲ್ಲಿ ಅರ್ಧ ಹೆಣ್ಣುಮಕ್ಕಳು ಇರಬೇಕು. ನಿಮ್ಮಲ್ಲೇ ಯಾರಾದರೂ ಸದಸ್ಯರು ಇರಬಹುದು. ಇದ್ದರೆ ಸಭೆಗೆ ಹೋಗಿ. ಗಂಡನ ಕೈಯಲ್ಲಿ ಸಹಿ ಪುಸ್ತಕ ಕಳಿಸಬೇಡಿ.

ಸಭೆಯಲ್ಲಿ ಕೇಳಿ

ಗ್ರಾಮ ಸಭೆ ಆರು ತಿಂಗಳಿಗೆ ಒಂದು ಸಲವಾದರೂ ನಡೆಯಬೇಕು. ಮತದಾರರ ಪಟ್ಟಿಯಲ್ಲಿ ಹೆಸರು ಇರುವ ಎಲ್ಲರೂ ಗ್ರಾಮ ಸಭೆಯ ಸದಸ್ಯರೇ. ಹೆಣ್ಣುಮಕ್ಕಳ ಮಾತಿಗೆಂದೇ ಮಹಿಳಾ ಗ್ರಾಮ ಸಭೆ ಕೂಡ ಇದೆ. ವರ್ಷಕ್ಕೊಮ್ಮೆ ಜಮಾಬಂದಿ ನಡೆಯುತ್ತದೆ. ಅಂದು ಪಂಚಾಯಿತಿಯ ಲೆಕ್ಕ, ಮಾಡಿದ ಕೆಲಸ ಜನರ ಮುಂದೆ ಬರಬೇಕು.

ಅಲ್ಲಿ ಎದ್ದು ನಿಂತು ಮೂರು ಪ್ರಶ್ನೆ ಕೇಳಿ.

ನಮ್ಮ ಪಂಚಾಯಿತಿಗೆ ಸೇರಿದ ಕಟ್ಟಡ ಎಷ್ಟು?

ಯಾವುದು ಬಳಕೆಯಲ್ಲಿದೆ, ಯಾವುದು ಖಾಲಿ ಇದೆ?

ಬೀಗದ ಕೈ ಯಾರ ಹತ್ತಿರ ಇದೆ?

ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕು ಕಾನೂನು ಇದೆ. 2005ರಲ್ಲಿ ಬಂದದ್ದು. 10 ರೂಪಾಯಿ ಕಟ್ಟಿ ಅರ್ಜಿ ಕೊಟ್ಟರೆ 30 ದಿನದೊಳಗೆ ಉತ್ತರ ಕೊಡಬೇಕು. ಬಡತನ ರೇಖೆಗಿಂತ ಕೆಳಗಿನವರು ಆ ಅರ್ಜಿ ಶುಲ್ಕ ಕಟ್ಟಬೇಕಾಗಿಲ್ಲ.

2010ರಲ್ಲಿ ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನವನ್ನು ಹೆಣ್ಣುಮಕ್ಕಳಿಗೆ ಇಟ್ಟರು. ಆದರೆ ಕುರ್ಚಿಯ ಮೇಲೆ ಹೆಣ್ಣುಮಗಳು ಕೂತರೆ ಸಾಲದು. ಎದುರಿಗೆ ಚಾಪೆ ಮೇಲೂ ಹೆಣ್ಣುಮಕ್ಕಳು ಕೂತು ಕೇಳಬೇಕು. ಆಗ ಕುರ್ಚಿಯ ಮೇಲಿನವಳಿಗೂ ಬಲ ಬರುತ್ತದೆ. ಕೂಸು ಅತ್ತರೆ ತಾನೆ ಹಾಲು?

ಎರಡು ಎಚ್ಚರಿಕೆ

ಮೊದಲನೆಯದು. ಬಿರುಕು ಬಿಟ್ಟ ಗೋಡೆ, ಕಬ್ಬಿಣ ಕಾಣುವ ಮಾಳಿಗೆ ಇದ್ದರೆ ಒಳಗೆ ಹೋಗಬೇಡಿ. ಪಂಚಾಯಿತಿಗೆ ಬರೆದು, ಎಂಜಿನಿಯರ್ ಬಂದು ನೋಡಲಿ ಅಂತ ಕೇಳಿ. ಅವರು ಸರಿ ಇದೆ ಅಂದ ಮೇಲೆ ಬಳಸಿ.

ಎರಡನೆಯದು. ಶಾಲೆಯ ಹೊತ್ತು ಮಕ್ಕಳದು. ಅಂಗನವಾಡಿ ಹೊತ್ತು ಕೂಸುಗಳದು. ನಮ್ಮ ಸಭೆಗೆ, ಮದುವೆಗೆ, ಭಾಷಣಕ್ಕೆ ಅಂತ ಮಕ್ಕಳನ್ನು ಹೊರಗೆ ಕೂರಿಸಬಾರದು. ಖಾಲಿ ಇದ್ದಾಗ ಮಾತ್ರ ನಮ್ಮ ಸರದಿ.

ಆಮೇಲೆ ಏನಾಯಿತು?

ಆ ಊರಿನಲ್ಲಿ ಎಲ್ಲವೂ ಸರಿಯಾಯಿತು ಅಂತ ನಾವು ಸುಳ್ಳು ಹೇಳೋದಿಲ್ಲ.

ಅರ್ಜಿ ಕೊಟ್ಟು ಎರಡು ತಿಂಗಳು ಕಾದರು. ಮೂರು ಸಲ ಓಡಾಡಿದರು. ಕೊನೆಗೆ ಭವನದ ದೊಡ್ಡ ಕೋಣೆ ವಾರಕ್ಕೆ ಮೂರು ಸಂಜೆ ಸಿಕ್ಕಿತು. ಒಳಗಿನ ಸಣ್ಣ ಕೋಣೆಯಲ್ಲಿ ಚೀಲಗಳು ಇನ್ನೂ ಇವೆ. ಕಕ್ಕಸು ಸರಿ ಇಲ್ಲ. ಅದಕ್ಕೆ ಇನ್ನೊಂದು ಅರ್ಜಿ ಹೋಗಿದೆ.

ಆದರೆ ಪಾಠ ಈಗ ಮಳೆಗೆ ನಿಲ್ಲೋದಿಲ್ಲ. ಹನ್ನೊಂದಕ್ಕೆ ಇಳಿದಿದ್ದವರು ಇಪ್ಪತ್ತಮೂರು ಆದರು. ಪಾಠ ಇಲ್ಲದ ಒಂದು ಸಂಜೆ ಸಂಘದ ಹಣದ ಲೆಕ್ಕವನ್ನೂ ಅಲ್ಲೇ ಮಾಡುತ್ತಾರೆ. ಓದುವ ಅವ್ವನ ಪಕ್ಕದಲ್ಲಿ ಶಾಲೆಗೆ ಹೋಗುವ ಮಗಳೂ ಬಂದು ಕೂರುತ್ತಾಳೆ. ಕುಡಿಯುವವರು ಈಗ ಆ ಕಡೆ ಬರುವುದಿಲ್ಲ. ದೀಪ ಉರಿಯುವ ಮನೆಗೆ ಅವರಿಗೇನು ಕೆಲಸ?

2011ರ ಜನಗಣತಿಯಲ್ಲಿ ಆಗಿನ ಬಳ್ಳಾರಿ ಜಿಲ್ಲೆಯ 100 ಹೆಣ್ಣುಮಕ್ಕಳಲ್ಲಿ ಸುಮಾರು 58 ಮಂದಿಗೆ ಮಾತ್ರ ಓದು ಬರಹ ಬರುತ್ತಿತ್ತು. ಉಳಿದ 42 ಮಂದಿಗೆ ಬುದ್ಧಿ ಇರಲಿಲ್ಲವೇ? ಇತ್ತು. ಅವರಿಗೆ ಕೂರಲು ಹೊತ್ತು ಇರಲಿಲ್ಲ, ಕೂರಲು ಜಾಗ ಇರಲಿಲ್ಲ. ಹೊತ್ತನ್ನು ನೀವು ಹೇಗೋ ಮಾಡಿಕೊಂಡು ಬಂದಿದ್ದೀರಿ. ಜಾಗ ಊರಲ್ಲೇ ಇದೆ.

ಅವ್ವಂದಿರೇ, ಅಕ್ಕ ತಂಗಿಯರೇ, ಇವತ್ತು ಮನೆಗೆ ಹೋಗುವಾಗ ಒಂದು ಕೆಲಸ ಮಾಡಿ. ದಾರಿಯಲ್ಲಿ ಕಾಣುವ ಒಂದೊಂದು ಬೋರ್ಡು ನಿಂತು ಓದಿ. ಊರಿಗೆ ಸೇರಿದ ಕಟ್ಟಡದ ಹೆಸರನ್ನು ನಿಮ್ಮ ನೋಟು ಪುಸ್ತಕದಲ್ಲಿ ಬರೆಯಿರಿ. ಅದರ ಮುಂದೆ 'ತೆರೆದಿದೆ' ಅಥವಾ 'ಬೀಗ' ಅಂತ ಬರೆಯಿರಿ. ಮುಂದಿನ ವಾರ ತನ್ನಿ. ಎಲ್ಲರ ಪಟ್ಟಿ ಕೂಡಿಸೋಣ.

ಕೂತು ಮಾತಾಡಿ

ನಿಮ್ಮ ಊರಲ್ಲಿ ಖಾಲಿ ಇರುವ ಸಾರ್ವಜನಿಕ ಕಟ್ಟಡ ಯಾವುದು? ಎಷ್ಟು ದಿನದಿಂದ ಖಾಲಿ ಇದೆ?

ಅದು ತೆರೆದರೆ ಮೊದಲು ಯಾವ ಕೆಲಸಕ್ಕೆ ಬೇಕು? ಓದಿಗೋ, ಸಂಘಕ್ಕೋ, ಕೂಸುಗಳಿಗೋ?

ಅಲ್ಲಿ ಬಂದು ಕೂರಲು ನಿಮ್ಮೂರಿನ ಯಾರಿಗಾದರೂ ಹಿಂಜರಿಕೆ ಇದೆಯೇ? ಯಾಕೆ?

ಬೀಗದ ಕೈ ನಿಮ್ಮ ಕೈಗೆ ಬಂದರೆ ನೀವು ಯಾವ ಕಟ್ಟಳೆ ಮಾಡಿಕೊಳ್ಳುತ್ತೀರಿ? ಐದು ವಾಕ್ಯ ಬರೆಯಿರಿ.